ಪದೇ ಪದೇ ಕೇಳುವ ಪ್ರಶ್ನೆಗಳು: ಕಂಪೈಲರ್ ವೇಗ ಹೆಚ್ಚಿಸಿದಾಗ ದಶಮಾಂಶದ ಲೆಕ್ಕ ಯಾಕೆ ತಪ್ಪುತ್ತದೆ?

ಬಾಗಲಕೋಟೆಯ ನವನಗರದಲ್ಲಿ ಕೂತು ನಾನು ತೂಕ, ಬಿಲ್ಲು, ನೀರಿನ ಮಟ್ಟ ಇಂಥ ಲೆಕ್ಕಗಳ ಪ್ರೋಗ್ರಾಂ ಬರೆಯುತ್ತೇನೆ. ಸಂಜೆ ಹೊತ್ತು ಇಂಜಿನಿಯರಿಂಗ್ ಓದುವ ಹುಡುಗರು, ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ವಿಜಯಪುರ, ಜಮಖಂಡಿ, ಗೋಕಾಕದಿಂದ ಫೋನೂ ಬರುತ್ತವೆ. ಅವರು ಕೇಳುವುದರಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಕೋಡ್ ಮುಟ್ಟಿಲ್ಲ, ಕಂಪೈಲ್ ಮಾಡುವ ರೀತಿ ಮಾತ್ರ ಬದಲಿಸಿದೆ, ಉತ್ತರ ಯಾಕೆ ಬದಲಾಯಿತು? ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ನಾವು ಬರೆದ ಕೋಡನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಪ್ರೋಗ್ರಾಂ ಕಂಪೈಲರ್; ಜಿಸಿಸಿ, ಕ್ಲಾಂಗ್ ಅಂಥವು. ಅದಕ್ಕೆ ಕೊಡುವ ಆಯ್ಕೆಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. -ಓ0 ಎಂದರೆ ವೇಗ ಹೆಚ್ಚಿಸುವ ಬದಲಾವಣೆ, ಅಂದರೆ ಆಪ್ಟಿಮೈಸೇಶನ್, ಇಲ್ಲ; -ಓ2, -ಓ3 ಎಂದರೆ ಅದು ಹೆಚ್ಚು ಹೆಚ್ಚು. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಸರ, -ಓ0 ಇಟ್ರ ಒಂದು ಉತ್ತರ ಬರ್ತದ, -ಓ2 ಇಟ್ರ ಇನ್ನೊಂದು. ಕಂಪೈಲರ್ ಕೆಟ್ಟದೇನ್ರಿ?

ಕಂಪೈಲರ್ ಕೆಟ್ಟಿರುವುದು ತೀರಾ ಅಪರೂಪ. ಅದರ ಮೇಲೆ ಅನುಮಾನ ಪಡುವ ಮೊದಲು, ಇದು ನಿಜಕ್ಕೂ ದಶಮಾಂಶದ ತೊಂದರೆಯೇ ಎಂದು ನೋಡಿ. ಎಷ್ಟೋ ಸಲ ಮೊತ್ತ ಇಡುವ ವೇರಿಯಬಲ್‌ಗೆ ಆರಂಭದಲ್ಲಿ ಸೊನ್ನೆ ಹಾಕಿರುವುದಿಲ್ಲ, ಅಥವಾ ಅರೇಯ ಗಡಿ ದಾಟಿ ಒಂದು ಮನೆ ಆಚೆ ಓದಿರುತ್ತೀರಿ. -ಓ0ದಲ್ಲಿ ಆ ಜಾಗದಲ್ಲಿ ಅದೃಷ್ಟಕ್ಕೆ ಸೊನ್ನೆ ಇತ್ತು, -ಓ2ದಲ್ಲಿ ಇಲ್ಲ. ಮುಖ್ಯ ಎಚ್ಚರಿಕೆಗಳನ್ನು ತೋರಿಸುವ -ಡಬ್ಲ್ಯುಆಲ್ ಹಾಕಿ, ಮೆಮೊರಿಯ ತಪ್ಪು ಹಿಡಿಯುವ ಸ್ಯಾನಿಟೈಜರ್ ಹಾಕಿ, ಅಂಥದೇ ಸಾಧನವಾದ ವ್ಯಾಲ್‌ಗ್ರಿಂಡ್‌ನಲ್ಲಿ ಒಮ್ಮೆ ಓಡಿಸಿ. ಅಲ್ಲಿ ಏನೂ ಸಿಗದಿದ್ದರೆ ಮಾತ್ರ ಮುಂದೆ ಓದಿ.

ಉಳಿದ ತೊಂದರೆಗಳು ಹೆಚ್ಚಾಗಿ ಮೂರು ಕಡೆಯಿಂದ ಬರುತ್ತವೆ. ಒಂದು, ಲೆಕ್ಕ ನಡೆಯುವ ರಿಜಿಸ್ಟರ್ (ಪ್ರೊಸೆಸರ್ ಒಳಗೆ ಸಂಖ್ಯೆ ಇಡುವ ಜಾಗ) ನಿಮ್ಮ ವೇರಿಯಬಲ್‌ಗಿಂತ ಅಗಲವಾಗಿರುವುದು. ಎರಡು, ಗುಣಾಕಾರ ಮತ್ತು ಕೂಡಿಕೆಯನ್ನು ಪ್ರೊಸೆಸರ್ ಒಂದೇ ಏಟಿಗೆ ಮಾಡುವುದು. ಮೂರು, ಲೆಕ್ಕದ ಕ್ರಮ ಬದಲಿಸಲು ನೀವೇ ಕಂಪೈಲರ್‌ಗೆ ಅನುಮತಿ ಕೊಟ್ಟಿರುವುದು. ಮೂರನೆಯದೇ ಎಲ್ಲಕ್ಕಿಂತ ಅಪಾಯಕಾರಿ, ಯಾಕೆಂದರೆ ಅನುಮತಿ ಕೊಟ್ಟದ್ದು ಅನೇಕರಿಗೆ ಗೊತ್ತೇ ಇರುವುದಿಲ್ಲ.

0.1 ಅಂದ್ರ 0.1 ಅಲ್ಲೇನ್ರಿ?

ಅಲ್ಲ. 1985ರ ಐಇಇಇ 754 ಮಾನದಂಡದ ಪ್ರಕಾರ ಡಬಲ್ ಎಂದರೆ 64 ಬಿಟ್: ಚಿಹ್ನೆಗೆ 1, ಘಾತಕ್ಕೆ 11, ಅಂಕಿಗೆ 52. ಮುಂದಿನ 1 ಬರೆಯದೇ ಇರುವುದರಿಂದ ಅಂಕಿಗೆ ಒಟ್ಟು 53 ಬಿಟ್ ಸಿಕ್ಕ ಹಾಗೆ. 32 ಬಿಟ್‌ನ ಚಿಕ್ಕ ರೂಪವಾದ ಫ್ಲೋಟ್‌ಗೆ 24. ಈ ಮಾನದಂಡದ ಹಿಂದಿನ ಮುಖ್ಯ ತಲೆ ವಿಲಿಯಂ ಕಹಾನ್. ಅವರಿಗೆ 1989ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಮೂರರಲ್ಲಿ ಒಂದನ್ನು ನಾವು 0.333 ಎಂದು ಬರೆಯುತ್ತ ಹೋದರೆ ಮುಗಿಯದ ಹಾಗೆ, ಹತ್ತರಲ್ಲಿ ಒಂದು ಎರಡರ ಪದ್ಧತಿಯಲ್ಲಿ ಮುಗಿಯುವುದಿಲ್ಲ. 53 ಬಿಟ್‌ಗೆ ಕತ್ತರಿಸಿ ದುಂಡಗೆ ಮಾಡಿದಾಗ, ಅಂದರೆ ಹತ್ತಿರದ ಸಂಖ್ಯೆಗೆ ತಂದಾಗ, ಉಳಿಯುವುದು 0.1000000000000000055 ಮತ್ತು ಮುಂದೆ. ಪ್ರತಿ ಕೂಡಿಕೆ, ಪ್ರತಿ ಗುಣಾಕಾರದ ಕೊನೆಯಲ್ಲೂ ಹೀಗೇ ಒಮ್ಮೆ ದುಂಡಗೆ ಮಾಡುವುದು ನಡೆಯುತ್ತದೆ.

ಹಾಗಾಗಿ ಯಾವುದನ್ನು ಮೊದಲು ಕೂಡಿಸುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. 0.1ಕ್ಕೆ 0.2 ಕೂಡಿಸಿ ಆಮೇಲೆ 0.3 ಕೂಡಿಸಿದರೆ 0.6000000000000001. 0.2ಕ್ಕೆ 0.3 ಕೂಡಿಸಿ ಆಮೇಲೆ 0.1 ಕೂಡಿಸಿದರೆ 0.6. ಶಾಲೆಯಲ್ಲಿ ಕಲಿತ ಸಹವರ್ತನ ನಿಯಮ ಇಲ್ಲಿ ನಡೆಯುವುದಿಲ್ಲ. ಕೆಳಗಿನ ಎಲ್ಲ ಉತ್ತರಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಆಲಮಟ್ಟಿ ಮಟ್ಟದ ಪ್ರಾಜೆಕ್ಟ್ ಮಾಡೇವ್ರಿ. 519.60 ತುಂಬಿದ್ರೂ "ತುಂಬಿದೆ" ಅಂತ ತೋರ್ಸವಲ್ದು. ಆಪ್ಟಿಮೈಸೇಶನ್ ತಪ್ಪೇನ್ರಿ?

ಇದು ಆಪ್ಟಿಮೈಸೇಶನ್ ತಪ್ಪಲ್ಲ. -ಓ0 ಇಟ್ಟು ನೋಡಿ, ಹಾಗೇ ಇರುತ್ತದೆ. ಮಟ್ಟವನ್ನು ಫ್ಲೋಟ್‌ನಲ್ಲಿ ಇಟ್ಟಿದ್ದೀರಿ. 512ರಿಂದ 1024ರ ನಡುವೆ ಎರಡು ಅಕ್ಕಪಕ್ಕದ ಫ್ಲೋಟ್ ಸಂಖ್ಯೆಗಳ ಅಂತರ ಸುಮಾರು 0.00006. ಆದ್ದರಿಂದ 519.60 ಮೀಟರ್ ಎಂಬುದು 519.5999755859375 ಆಗಿ ಕೂತಿದೆ. ಎದುರಿಗೆ ಕೋಡಿನಲ್ಲಿ 519.60 ಎಂದು ಸುಮ್ಮನೆ ಬರೆದರೆ ಅದು ಡಬಲ್. ಫ್ಲೋಟನ್ನು ಡಬಲ್ ಜೊತೆ ಹೋಲಿಸಿದಾಗ ಜಲಾಶಯ ಎಂದೂ ತುಂಬುವುದಿಲ್ಲ. ಎರಡೂ ಕಡೆ ಡಬಲ್ ಇಡಿ. ಇನ್ನೂ ಒಳ್ಳೆಯದೆಂದರೆ ಮಟ್ಟವನ್ನು ಸೆಂಟಿಮೀಟರ್‌ನಲ್ಲಿ, 51960 ಎಂದು ಪೂರ್ಣಾಂಕದಲ್ಲೇ ಇಡಿ.

ಪ್ರಿಂಟ್ ಹಾಕಿದ್ರ ಸರಿ ಬರ್ತದ, ಪ್ರಿಂಟ್ ತೆಗೆದ್ರ ತಪ್ಪ ಬರ್ತದ. ತಲಿ ಕೆಟ್ಟ ಹೋಗ್ಯದರಿ.

ಯಾವ ಕಂಪ್ಯೂಟರ್ ಎಂದು ಕೇಳಿದರೆ ಹತ್ತಕ್ಕೆ ಒಂಬತ್ತು ಸಲ ಬರುವ ಉತ್ತರ: ಹಳೆಯದು, 32 ಬಿಟ್. ನಮ್ಮ ಕಡೆಯ ಕಾಟಾ ಮನೆಗಳಲ್ಲಿ, ಎಣ್ಣೆ ಗಿರಣಿಗಳಲ್ಲಿ ಇಂಥ ಪಿಸಿಗಳು ಇನ್ನೂ ಓಡುತ್ತಿವೆ. ಕೆಲಸ ಮಾಡುವ ಯಂತ್ರವನ್ನು ಎಸೆಯಬೇಕಾಗಿಲ್ಲ, ಆದರೆ ಅದರ ಗುಣ ತಿಳಿದಿರಬೇಕು.

ಇಂಟೆಲ್ 1980ರಲ್ಲಿ 8087 ಎಂಬ ಗಣಿತದ ಚಿಪ್ ತಂದಿತು. ಅದರ ರಿಜಿಸ್ಟರ್‌ಗಳು 80 ಬಿಟ್ ಅಗಲ. ಅಂಕಿಗೇ 64 ಬಿಟ್. ಆಮೇಲೆ ಬಂದ ಪ್ರೊಸೆಸರ್‌ಗಳೂ ಅದೇ ಘಟಕವನ್ನು ಹೊತ್ತು ಬಂದವು. 32 ಬಿಟ್‌ಗೆ ಕಂಪೈಲ್ ಮಾಡಿದಾಗ ಜಿಸಿಸಿ ಇಂದಿಗೂ ಮೊದಲು ಅದನ್ನೇ ಬಳಸುತ್ತದೆ. ಈಗ 1ನ್ನು 3ರಿಂದ ಭಾಗಿಸಿ. ರಿಜಿಸ್ಟರ್‌ನಲ್ಲಿ ಇರುವವರೆಗೆ ಉತ್ತರಕ್ಕೆ 64 ಬಿಟ್ ನಿಖರತೆ. ಮೆಮೊರಿಯ ಡಬಲ್‌ಗೆ ಇಳಿಸಿದ ಕೂಡಲೇ 53 ಬಿಟ್‌ಗೆ ಕತ್ತರಿ. ಇಳಿಸಿದ್ದನ್ನು ವಾಪಸ್ ತಂದು, ಮತ್ತೆ ಮಾಡಿದ 1 ಭಾಗ 3ರ ಜೊತೆ ಹೋಲಿಸಿದರೆ ಎರಡೂ ಒಂದೇ ಅಲ್ಲ.

ಯಾವಾಗ ಇಳಿಸಬೇಕು ಎಂದು ನಿರ್ಧರಿಸುವುದು ಕಂಪೈಲರ್. -ಓ0ದಲ್ಲಿ ಪ್ರತಿ ವೇರಿಯಬಲ್ಲೂ ಮೆಮೊರಿಗೆ ಹೋಗಿ ಬರುತ್ತದೆ. -ಓ2ದಲ್ಲಿ ಆದಷ್ಟು ಹೊತ್ತು ರಿಜಿಸ್ಟರ್‌ನಲ್ಲೇ ಇರುತ್ತದೆ. ನಡುವೆ ಒಂದು ಪ್ರಿಂಟ್ ಹಾಕಿದರೆ ಆ ಕರೆಗಾಗಿ ರಿಜಿಸ್ಟರ್ ಖಾಲಿ ಮಾಡಬೇಕಾಗುತ್ತದೆ, ಸಂಖ್ಯೆ ಮೆಮೊರಿಗೆ ಇಳಿಯುತ್ತದೆ, ದುಂಡಗಾಗುತ್ತದೆ, ಹೋಲಿಕೆ ಸರಿಹೋಗುತ್ತದೆ. ಪ್ರಿಂಟ್ ತೆಗೆದರೆ ಮತ್ತೆ ಮೊದಲಿನ ಹಾಗೆ. ತಪ್ಪನ್ನು ಹುಡುಕಲು ಹಾಕಿದ ಸಾಲೇ ತಪ್ಪನ್ನು ಮುಚ್ಚುತ್ತದೆ. ಒಬ್ಬ ಹುಡುಗಿ ಈ ಕಾರಣಕ್ಕೆ ಎರಡು ರಾತ್ರಿ ನಿದ್ದೆಗೆಟ್ಟು, ತನಗೇ ಪ್ರೋಗ್ರಾಮಿಂಗ್ ಬರುವುದಿಲ್ಲ ಎಂದು ಅಳುತ್ತ ಬಂದಿದ್ದಳು. ಅವಳ ತರ್ಕದಲ್ಲಿ ಒಂದು ಎಳೆ ತಪ್ಪಿರಲಿಲ್ಲ.

ಜಿಸಿಸಿಯ ದೋಷಪಟ್ಟಿಯಲ್ಲಿ ಇದಕ್ಕೆ 323ನೇ ಸಂಖ್ಯೆ. 2000ರಲ್ಲಿ ದಾಖಲಾದದ್ದು, ಅಂದಿನಿಂದ ಜಗತ್ತಿನ ಎಲ್ಲ ಮೂಲೆಯ ಜನ ಅದೇ ದೂರನ್ನು ಮತ್ತೆ ಮತ್ತೆ ತಂದಿದ್ದಾರೆ. ಹಾಗಾಗಿ ಒಬ್ಬಂಟಿ ಎಂದುಕೊಳ್ಳಬೇಡಿ.

ಪರಿಹಾರ ಸುಲಭ. ಎಸ್‌ಎಸ್‌ಇ2 ಎಂಬ ಲೆಕ್ಕದ ಆದೇಶಗಳಿರುವ ಪ್ರೊಸೆಸರ್ ಆದರೆ, ಅಂದರೆ ಪೆಂಟಿಯಂ 4ರಿಂದ ಈಚೆಯದು, -ಎಂಎಸ್‌ಎಸ್‌ಇ2 ಮತ್ತು -ಎಂಎಫ್‌ಪಿಮ್ಯಾತ್=ಎಸ್‌ಎಸ್‌ಇ ಎರಡನ್ನೂ ಹಾಕಿ. ಆಗ ಡಬಲ್ ಲೆಕ್ಕ ಡಬಲ್ ಅಗಲದಲ್ಲೇ ನಡೆಯುತ್ತದೆ. 64 ಬಿಟ್‌ಗೆ ಕಂಪೈಲ್ ಮಾಡಿದರೆ ಇದು ತಾನಾಗೇ ಆಗುತ್ತದೆ. ಪೆಂಟಿಯಂ 4ಕ್ಕಿಂತ ಹಳೆಯ ಯಂತ್ರವಾದರೆ -ಎಫ್‌ಫ್ಲೋಟ್-ಸ್ಟೋರ್ ಇದೆ. ಅದು ವೇರಿಯಬಲ್‌ಗಳನ್ನು ಮೆಮೊರಿಗೆ ಇಳಿಸುತ್ತದೆ, ಆದರೆ ಒಂದು ಸಾಲಿನ ನಡುವಿನ ಲೆಕ್ಕ ಅಗಲವಾಗೇ ಉಳಿಯುತ್ತದೆ. ಅರ್ಧ ಪರಿಹಾರ ಅಷ್ಟೇ.

ಒಂದು ಸೂಚನೆ: ಸಾರ್ಟ್ ಮಾಡಲು ಹೋಲಿಸುವ ಫಂಕ್ಷನ್ ಒಳಗೆ ಹೀಗಾದರೆ ಬರೀ ಉತ್ತರ ತಪ್ಪುವುದಿಲ್ಲ, ಪ್ರೋಗ್ರಾಂ ಬಿದ್ದೇ ಹೋಗಬಹುದು. ಒಮ್ಮೆ ಚಿಕ್ಕದು, ಇನ್ನೊಮ್ಮೆ ಸಮ ಎಂದು ಹೇಳುವ ಹೋಲಿಕೆಯನ್ನು ಸಾರ್ಟ್ ಸಹಿಸುವುದಿಲ್ಲ.

ವರ್ಗ ಸಮೀಕರಣದ ಪ್ರೋಗ್ರಾಂ ಕಾಲೇಜ್ ಲ್ಯಾಬ್‌ದಾಗ "ಸಮ ಮೂಲಗಳು" ಅಂತದ. ನನ್ನ ಹೊಸ ಲ್ಯಾಪ್‌ಟಾಪ್‌ದಾಗ "ಸಂಕೀರ್ಣ ಮೂಲಗಳು" ಅಂತದ. ಯಾವುದು ಖರೆ?

ಗಣಿತದ ಪ್ರಕಾರ ಲ್ಯಾಬಿನದೇ ಖರೆ. ಬೆಳಗಾವಿಯ ವಿಟಿಯು ಅಡಿಯ ಕಾಲೇಜುಗಳಲ್ಲಿ ಸಿ ಕಲಿತವರೆಲ್ಲ ಈ ಪ್ರೋಗ್ರಾಂ ಬರೆದಿರುತ್ತೀರಿ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಅ = 0.1, ಬ = 0.2, ಕ = 0.1 ಎಂದು ಕೊಡಿ. ಈ ಸಮೀಕರಣಕ್ಕೆ −1 ಎಂಬ ಮೂಲ ಎರಡು ಸಲ. ಬ ವರ್ಗದಿಂದ 4ಅಕ ಕಳೆದರೆ ಸೊನ್ನೆ ಬರಬೇಕು. ಮಾಮೂಲಿ ಯಂತ್ರದಲ್ಲಿ ಬ ವರ್ಗ ಒಮ್ಮೆ ದುಂಡಗಾಗುತ್ತದೆ, 4ಅಕ ಒಮ್ಮೆ ದುಂಡಗಾಗುತ್ತದೆ, ಎರಡೂ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತವೆ, ಕಳೆದರೆ ಸೊನ್ನೆ.

ಹೊಸ ಪ್ರೊಸೆಸರ್‌ಗಳಲ್ಲಿ ಎಫ್‌ಎಂಎ ಎಂಬ ಆದೇಶ ಇದೆ. ಗುಣಿಸಿ ಕೂಡಿಸುವುದನ್ನು ಒಂದೇ ಹೆಜ್ಜೆಯಲ್ಲಿ ಮಾಡಿ ಕೊನೆಗೆ ಒಂದೇ ಸಲ ದುಂಡಗೆ ಮಾಡುತ್ತದೆ. ಇಂಟೆಲ್‌ನಲ್ಲಿ 2013ರ ಹ್ಯಾಸ್‌ವೆಲ್‌ನಿಂದ ಇದು ಇದೆ. 64 ಬಿಟ್ ಎಆರ್‌ಎಂ ಚಿಪ್‌ಗಳಲ್ಲಿ ಮೂಲದಲ್ಲೇ ಇದೆ. ಈಗ ಬ ವರ್ಗ ದುಂಡಗಾಗದೆ ಪೂರ್ತಿ ನಿಖರವಾಗಿ ಉಳಿಯುತ್ತದೆ, ಆದರೆ 4ಅಕ ದುಂಡಗಾಗಿ ಬಂದಿರುತ್ತದೆ. ಒಂದು ಕಡೆ ಕತ್ತರಿಸಿದ ಬಟ್ಟೆ, ಇನ್ನೊಂದು ಕಡೆ ಕತ್ತರಿಸದ ಬಟ್ಟೆ. ಕಳೆದಾಗ ಸೊನ್ನೆಯ ಬದಲು 10ರ −18ನೇ ಘಾತದ 3.33ರಷ್ಟು ಋಣ ಸಂಖ್ಯೆ ಉಳಿಯುತ್ತದೆ. ಋಣ ಎಂದ ಮೇಲೆ ಪ್ರೋಗ್ರಾಂ "ಸಂಕೀರ್ಣ" ಎನ್ನುತ್ತದೆ. ಕಂಪೈಲರ್ ಎರಡನೇ ಗುಣಾಕಾರವನ್ನು ಒಳಗೆ ಸೇರಿಸಿಕೊಂಡಿದ್ದರೆ ಅಷ್ಟೇ ಗಾತ್ರದ ಧನ ಸಂಖ್ಯೆ ಬರುತ್ತಿತ್ತು, "ಎರಡು ಬೇರೆ ಮೂಲಗಳು" ಎನ್ನುತ್ತಿತ್ತು. ವರ್ಗಮೂಲವನ್ನು ನೇರವಾಗಿ ತೆಗೆದಿದ್ದರೆ ನ್ಯಾನ್ (ಸಂಖ್ಯೆಯೇ ಅಲ್ಲ ಎಂಬ ಗುರುತು) ಬಂದು ಮುಂದಿನ ಲೆಕ್ಕವೆಲ್ಲ ಹಾಳು.

ಇದನ್ನು ಮನೆಯಲ್ಲಿ ಪರೀಕ್ಷಿಸುವಾಗ ಅಂಕಿಗಳನ್ನು ಕೀಬೋರ್ಡ್‌ನಿಂದ ಓದಿ. ಕೋಡಿನಲ್ಲೇ ಬರೆದರೆ ಕಂಪೈಲರ್ ತಾನೇ ಲೆಕ್ಕ ಮಾಡಿ ಉತ್ತರ ಬರೆದಿಡುತ್ತದೆ, ಎಫ್‌ಎಂಎ ಓಡುವುದೇ ಇಲ್ಲ. ಇನ್ನೂ ಚಿಕ್ಕ ಉದಾಹರಣೆ ಬೇಕಾದರೆ: 0.1 ಓದಿ, 10ರಿಂದ ಗುಣಿಸಿ, 1 ಕಳೆಯಿರಿ. ಎರಡು ಹೆಜ್ಜೆಯಲ್ಲಿ ಸೊನ್ನೆ. ಎಫ್‌ಎಂಎದಲ್ಲಿ 2ರ −54ನೇ ಘಾತ.

ಎಫ್‌ಎಂಎ ಕೆಟ್ಟದ್ದಲ್ಲ ಎಂಬುದನ್ನೂ ಹೇಳಲೇಬೇಕು. ಅದರ ಒಂದೊಂದು ಉತ್ತರವೂ ಎರಡು ಹೆಜ್ಜೆಯ ಉತ್ತರದಷ್ಟೇ ಅಥವಾ ಅದಕ್ಕಿಂತ ಹೆಚ್ಚು ನಿಖರ. ತೊಂದರೆ ಇರುವುದು ನಿಮ್ಮ ಕೋಡ್ ಎರಡು ಬದಿ ಒಂದೇ ರೀತಿ ದುಂಡಗಾಗುತ್ತವೆ ಎಂದು ನಂಬಿದ್ದರಲ್ಲಿ. ಜಿಸಿಸಿ ಇದನ್ನು ಕೇಳದೆಯೇ ಮಾಡುತ್ತದೆ, ಆಪ್ಟಿಮೈಸೇಶನ್ ಹಾಕಿದ್ದು ಪ್ರೊಸೆಸರ್‌ನಲ್ಲಿ ಸೌಲಭ್ಯ ಇದೆ ಎಂದು ಗೊತ್ತಾದರೆ ಸಾಕು. ಸಾಮಾನ್ಯ 64 ಬಿಟ್ ಇಂಟೆಲ್ ಗುರಿಯಲ್ಲಿ ಅದಕ್ಕೆ ಗೊತ್ತಾಗುವುದಿಲ್ಲ; -ಎಂಆರ್ಚ್=ನೇಟಿವ್ ಹಾಕಿದ ಕೂಡಲೇ ಗೊತ್ತಾಗುತ್ತದೆ. ಕ್ಲಾಂಗ್ ಕೂಡ 14ನೇ ಆವೃತ್ತಿಯಿಂದ ಒಂದೇ ಸಾಲಿನೊಳಗೆ ಹೀಗೆ ಸೇರಿಸುತ್ತದೆ. ಬೇಡ ಎಂದರೆ -ಎಫ್‌ಎಫ್‌ಪಿ-ಕಾಂಟ್ರಾಕ್ಟ್=ಆಫ್.

ಕೂಡಿಸೂದರಾಗ ತಪ್ಪು ಕಡಿಮಿ ಮಾಡಾಕ ಕಹಾನ್ ವಿಧಾನ ಬಳಸೀನಿ. ಆದ್ರೂ ಮೊತ್ತ ತಪ್ಪೇ ಬರ್ತದ.

ಕಂಪೈಲ್ ಆದೇಶಗಳನ್ನು ಬರೆದಿಟ್ಟ ಮೇಕ್‌ಫೈಲ್ ತೆಗೆದು -ಓಫಾಸ್ಟ್ ಅಥವಾ -ಎಫ್‌ಫಾಸ್ಟ್-ಮ್ಯಾತ್ ಇದೆಯೇ ನೋಡಿ. ಇದ್ದೇ ಇರುತ್ತದೆ. ನನಗೂ ಹೀಗೇ ಆಗಿತ್ತು.

ಕೃಷ್ಣೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಗೆ ಕಬ್ಬಿನ ಕಾಟಾದ ದಿನದ ವರದಿ ಮಾಡಿಕೊಟ್ಟಿದ್ದೆ. ಹಳೆಯ ದಾಖಲೆಗಳಲ್ಲಿ ತೂಕ ಟನ್ನಿನಲ್ಲಿ, ಫ್ಲೋಟ್‌ನಲ್ಲಿ ಇತ್ತು: 21.37, 18.94 ಹೀಗೆ. ದಿನದ ಮೊತ್ತ 8,192 ಟನ್ ದಾಟಿದ ಮೇಲೆ ಎರಡು ಅಕ್ಕಪಕ್ಕದ ಫ್ಲೋಟ್‌ಗಳ ಅಂತರ 0.0009765625 ಟನ್, ಅಂದರೆ ಹತ್ತಿರ ಹತ್ತಿರ ಒಂದು ಕಿಲೋ. ಪ್ರತಿ ಟ್ರ್ಯಾಕ್ಟರ್ ಸೇರಿಸಿದಾಗಲೂ ಅರ್ಧ ಕಿಲೋವರೆಗೆ ಆಚೀಚೆ. ನೂರಾರು ಚೀಟಿ ಕೂಡಿದರೆ ಹತ್ತು ಕಿಲೋ, ಇಪ್ಪತ್ತು ಕಿಲೋ ತಪ್ಪಬಹುದು. ಹಾಗಾಗಿ ಕಹಾನ್ ವಿಧಾನ ಹಾಕಿದ್ದೆ: ಪ್ರತಿ ಸಲ ಕೂಡಿಸಿದಾಗ ಎಷ್ಟು ಚೂರು ಉದುರಿತು ಎಂದು ಅಳೆದು, ಆ ಚೂರನ್ನು ಮುಂದಿನ ತೂಕಕ್ಕೆ ಸೇರಿಸುವುದು. ವರದಿ ಸರಿಯಾಗಿ ಬರುತ್ತಿತ್ತು.

ಮುಂದಿನ ಹಂಗಾಮಿನಲ್ಲಿ ಕಾಟಾ ಮನೆಯ ಹಿರಿಯ ಗುಮಾಸ್ತರೊಬ್ಬರು ಫೋನ್ ಮಾಡಿ, "ತಮ್ಮಾ, ನಾ ಕೈಲೆ ಕೂಡಿಸಿದ್ದಕ್ಕೂ ನಿನ್ನ ವರದಿಗೂ 0.02 ಟನ್ ಫರಕ್ ಬರಾಕತ್ತೈತಿ" ಎಂದರು. ರಿಜಿಸ್ಟರಿನಲ್ಲಿ ಅವರು ಕೆಂಪು ಪೆನ್ನಿನಿಂದ ಪ್ರತಿ ಪುಟದ ಮೊತ್ತ ಬರೆದು ಅಡಿಗೆರೆ ಹಾಕಿದ್ದರು. ಮೂರು ದಿನದ ಪುಟ ನಾನೇ ಕೂಡಿಸಿ ನೋಡಿದೆ. ಅವರದೇ ಸರಿ. ನಮ್ಮಲ್ಲೇ ಒಬ್ಬರು ವರದಿ ಬೇಗ ಬರಲಿ ಎಂದು -ಓ2 ಇದ್ದಲ್ಲಿ -ಓಫಾಸ್ಟ್ ಮಾಡಿದ್ದರು. ಒಂದು ಪದದ ಬದಲಾವಣೆ.

ಉದುರಿದ ಚೂರು ಅಳೆಯುವ ಸಾಲು ಹೀಗಿರುತ್ತದೆ: ಹೊಸ ಮೊತ್ತದಿಂದ ಹಳೆ ಮೊತ್ತ ಕಳೆ, ಅದರಿಂದ ಈಗ ಸೇರಿಸಿದ ತೂಕ ಕಳೆ. ಬೀಜಗಣಿತದಲ್ಲಿ ಇದು ಯಾವಾಗಲೂ ಸೊನ್ನೆ. -ಓಫಾಸ್ಟ್ ಒಳಗೆ ಫಾಸ್ಟ್-ಮ್ಯಾತ್ ಸೇರಿರುತ್ತದೆ; ಫಾಸ್ಟ್-ಮ್ಯಾತ್ ಎಂದರೆ ಬೀಜಗಣಿತದ ನಿಯಮ ಬಳಸಲು ಕೊಟ್ಟ ಅನುಮತಿ. ಕಂಪೈಲರ್ ಆ ಸಾಲನ್ನು ಸೊನ್ನೆ ಎಂದು ಕಂಡು ಪೂರ್ತಿ ಕಿತ್ತು ಹಾಕಿತು. ಉಳಿದದ್ದು ಮಾಮೂಲಿ ಕೂಡಿಕೆ. ಅದೂ ಕೊಟ್ಟ ಕ್ರಮದಲ್ಲಿ ಅಲ್ಲ. ನಾಲ್ಕು ಅಥವಾ ಎಂಟು ಮೊತ್ತಗಳನ್ನು ಸಮಾನಾಂತರವಾಗಿ ಓಡಿಸಿ ಕೊನೆಗೆ ಅವನ್ನು ಒಂದುಗೂಡಿಸುವ ರೀತಿ. ಕೋಡ್ ಓದಿದರೆ ಕಹಾನ್ ವಿಧಾನ ಕಾಣುತ್ತದೆ, ಓಡುವ ಪ್ರೋಗ್ರಾಂನಲ್ಲಿ ಅದು ಇಲ್ಲ. ಅದಕ್ಕೇ ನಾನು ಕಂಪೈಲರ್ ಆಯ್ಕೆಗಳನ್ನು ಈಗ ಕೋಡಿನ ಭಾಗ ಎಂದೇ ನೋಡುತ್ತೇನೆ. ಮೇಕ್‌ಫೈಲ್ ಬದಲಾದರೆ ಪರೀಕ್ಷೆಗಳೆಲ್ಲ ಮತ್ತೆ ಓಡಬೇಕು.

ಆ ವರದಿಯಲ್ಲಿ ಈಗ ತೂಕ ಪೂರ್ಣಾಂಕ ಕಿಲೋಗಳಲ್ಲಿದೆ. ಕಹಾನ್ ವಿಧಾನವೇ ಬೇಕಾಗಿಲ್ಲ.

ಫಾಸ್ಟ್-ಮ್ಯಾತ್ ಮತ್ತೇನೇನ್ ಮಾಡ್ತದರಿ?

ಅದೊಂದು ಗಂಟು, ಬಿಚ್ಚಿದರೆ ಒಳಗೆ ಹಲವು ಆಯ್ಕೆಗಳಿವೆ. ಕೂಡಿಕೆಯ ಕ್ರಮ ಬದಲಿಸಬಹುದು. ಭಾಗಾಕಾರವನ್ನು ವಿಲೋಮದ ಗುಣಾಕಾರ ಮಾಡಬಹುದು. ಸೊನ್ನೆಯ ಚಿಹ್ನೆ ಮರೆಯಬಹುದು. ಇವುಗಳಲ್ಲಿ ನನಗೆ ಹೆಚ್ಚು ಭಯ ಇರುವುದು -ಎಫ್‌ಫೈನೈಟ್-ಮ್ಯಾತ್-ಓನ್ಲಿ ಬಗ್ಗೆ. ನನ್ನ ಪ್ರೋಗ್ರಾಂನಲ್ಲಿ ನ್ಯಾನ್ ಆಗಲಿ ಅನಂತ ಆಗಲಿ ಎಂದೂ ಬರುವುದಿಲ್ಲ ಎಂದು ನೀವು ಕಂಪೈಲರ್‌ಗೆ ಮಾತು ಕೊಟ್ಟ ಹಾಗೆ.

ಹೊಳೆಯ ಮಟ್ಟ ಅಳೆಯುವ ಸೆನ್ಸರ್ ಕೇಬಲ್ ಹರಿದರೆ ಓದುವ ಫಂಕ್ಷನ್ ನ್ಯಾನ್ ಕೊಡುತ್ತದೆ ಎಂದುಕೊಳ್ಳಿ. ನೀವು ಜಾಣತನದಿಂದ "ನ್ಯಾನ್ ಆದರೆ ಅಲಾರಂ" ಎಂದು ಬರೆದಿದ್ದೀರಿ. ನ್ಯಾನ್ ಬರುವುದೇ ಇಲ್ಲ ಎಂದು ಮಾತು ಕೊಟ್ಟಿದ್ದರಿಂದ ಕಂಪೈಲರ್ ಆ ಪರೀಕ್ಷೆಯನ್ನೇ ತೆಗೆದುಹಾಕುತ್ತದೆ. ಕೇಬಲ್ ಹರಿದ ದಿನ ಅಲಾರಂ ಹೊಡೆಯುವುದಿಲ್ಲ. ಜನರ ಜೀವಕ್ಕೆ ಸಂಬಂಧಿಸಿದ ಯಾವ ಕೋಡಿನಲ್ಲೂ ಈ ಆಯ್ಕೆ ಇರಬಾರದು ಎಂಬುದು ನನ್ನ ಗಟ್ಟಿ ಮಾತು.

ಎಫ್‌ಆರ್‌ಪಿ ಲೆಕ್ಕದಾಗ ಇಳುವರಿ ಮೆಟ್ಟಲ ಒಂದು ಕಡಿಮಿ ಬರ್ತದ. ಫಾಸ್ಟ್-ಮ್ಯಾತ್ ಹಾಕಿದ್ರ ಸರಿ ಆತು. ಹಂಗ ಬಿಡ್ಲೇನ್ರಿ?

ಬಿಡಬೇಡಿ. ಈ ಪ್ರಶ್ನೆ ಕೇಳಿದ ಮುಧೋಳದ ಹುಡುಗನಿಗೆ ನಾನು ಒಂದು ಗಂಟೆ ಕೂತು ವಿವರಿಸಿದ್ದೆ, ಯಾಕೆಂದರೆ ಇಲ್ಲಿ ರೈತರ ದುಡ್ಡಿದೆ.

ಎಫ್‌ಆರ್‌ಪಿ ಎಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ, ಕೇಂದ್ರ ಸರ್ಕಾರ ನಿಗದಿ ಮಾಡುವ ದರ. 2025-26ರ ಹಂಗಾಮಿಗೆ ಅದು ಶೇ 10.25 ಇಳುವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣಕ್ಕೆ) ಕ್ವಿಂಟಲ್‌ಗೆ 355 ರೂಪಾಯಿ. ಅದರ ಮೇಲೆ ಪ್ರತಿ ಶೇ 0.1 ಇಳುವರಿಗೆ 3.46 ರೂಪಾಯಿ ಹೆಚ್ಚು. ಹುಡುಗ ಹೆಚ್ಚುವರಿ ಇಳುವರಿಯನ್ನು 0.1ರಿಂದ ಭಾಗಿಸಿ ಪೂರ್ಣ ಭಾಗ ತೆಗೆದುಕೊಂಡಿದ್ದ. 0.3ನ್ನು 0.1ರಿಂದ ಭಾಗಿಸಿದರೆ ಡಬಲ್‌ನಲ್ಲಿ 2.9999999999999996. ಪೂರ್ಣ ಭಾಗ 2. ಒಂದು ಮೆಟ್ಟಿಲು ಹೋಯಿತು. ಟನ್ನಿಗೆ 34.60 ರೂಪಾಯಿ, ಇಪ್ಪತ್ತು ಟನ್ನಿಗೆ 692 ರೂಪಾಯಿ.

ಫಾಸ್ಟ್-ಮ್ಯಾತ್ ಹಾಕಿದಾಗ ಕಂಪೈಲರ್ 0.1ರಿಂದ ಭಾಗಿಸುವ ಬದಲು 10ರಿಂದ ಗುಣಿಸಿತು. 0.3 ಗುಣಿಸು 10 ಸರಿಯಾಗಿ 3 ಬರುತ್ತದೆ. ಅವನಿಗೆ ಸರಿ ಎನಿಸಿದ್ದು ಅದಕ್ಕೆ. ಆದರೆ ಇಳುವರಿ 10.45 ಕೊಟ್ಟು 10.25 ಕಳೆದು ನೋಡಿ: 0.1999999999999993. ಇದನ್ನು 0.1ರಿಂದ ಭಾಗಿಸಿದರೂ 10ರಿಂದ ಗುಣಿಸಿದರೂ ಪೂರ್ಣ ಭಾಗ 1. ಇರಬೇಕಾದದ್ದು 2. ಆಪ್ಟಿಮೈಸೇಶನ್ ಇಲ್ಲಿ ತಪ್ಪನ್ನು ತರಲೂ ಇಲ್ಲ, ತಿದ್ದಲೂ ಇಲ್ಲ, ಜಾಗ ಬದಲಿಸಿತು ಅಷ್ಟೇ.

ಇಳುವರಿಯನ್ನು ನೂರರಿಂದ ಗುಣಿಸಿದ ಪೂರ್ಣಾಂಕವಾಗಿ ಓದಿ. 1045ರಿಂದ 1025 ಕಳೆದರೆ 20, ಹತ್ತರಿಂದ ಭಾಗಿಸಿದರೆ 2. ದರವನ್ನು ಪೈಸೆಯಲ್ಲಿ ಇಡಿ. ಹಣದ ಲೆಕ್ಕದಲ್ಲಿ ಫ್ಲೋಟ್ ಆಗಲಿ ಡಬಲ್ ಆಗಲಿ ಬರಲೇಬಾರದು.

ಗೋಳಗುಮ್ಮಟದ ಪ್ರತಿಧ್ವನಿ ಸಿಮ್ಯುಲೇಶನ್ ಮಾಡೀನ್ರಿ. ಸದ್ದು ನಿಂತ ಮ್ಯಾಲೆ ಪ್ರೋಗ್ರಾಂ ನಿಧಾನ ಆಗ್ತದ. ಫಾಸ್ಟ್-ಮ್ಯಾತ್ ಹಾಕಿದ್ರ ಓಡ್ತದ. ಯಾಕ?

ವಿಜಯಪುರದ ವಿದ್ಯಾರ್ಥಿಯ ಈ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. 1656ರ ಆ ಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ಕೇಳುತ್ತದೆ. ಅವನು ಪ್ರತಿ ಮರುದನಿಗೂ ಸದ್ದನ್ನು 0.9ರಿಂದ ಗುಣಿಸುತ್ತಿದ್ದ, ಫ್ಲೋಟ್‌ನಲ್ಲಿ.

ಗುಣಿಸುತ್ತ ಹೋದರೆ ಸಂಖ್ಯೆ 10ರ −38ನೇ ಘಾತದ ಹತ್ತಿರ ಬಂದು ಸಾಮಾನ್ಯ ಫ್ಲೋಟ್‌ಗಳ ಅಂಚು ತಲುಪುತ್ತದೆ. ಅದರ ಕೆಳಗೂ ಸೊನ್ನೆಯವರೆಗೆ ಸಣ್ಣ ಸಣ್ಣ ಮೆಟ್ಟಿಲುಗಳಿವೆ, ಸಬ್‌ನಾರ್ಮಲ್ ಎನ್ನುತ್ತಾರೆ. ಅನೇಕ ಪ್ರೊಸೆಸರ್‌ಗಳು ಇವನ್ನು ತುಂಬ ನಿಧಾನವಾಗಿ ಲೆಕ್ಕ ಮಾಡುತ್ತವೆ. ಇನ್ನೂ ವಿಚಿತ್ರವೆಂದರೆ 0.9ರ ಗುಣಾಕಾರ ಸೊನ್ನೆ ತಲುಪುವುದೇ ಇಲ್ಲ. ಕೊನೆಯ ಮೆಟ್ಟಿಲುಗಳನ್ನು ಎಣಿಸಿ: 5 ಗುಣಿಸು 0.9, ದುಂಡಗಾಗಿ 4. ನಾಲ್ಕು ಗುಣಿಸು 0.9 ಎಂದರೆ 3.6, ದುಂಡಗಾಗಿ ಮತ್ತೆ 4. ಅಲ್ಲೇ ನಿಂತುಬಿಡುತ್ತದೆ. ಕಿವಿಗೆ ಮೌನ, ಒಳಗೆ ಪ್ರೊಸೆಸರ್ ಮುಗಿಯದ ಕೆಲಸದಲ್ಲಿ.

ಲಿಂಕ್ ಮಾಡುವಾಗ ಫಾಸ್ಟ್-ಮ್ಯಾತ್ ಇದ್ದರೆ ಇಂಟೆಲ್ ಯಂತ್ರದಲ್ಲಿ ಜಿಸಿಸಿ ಒಂದು ಸಣ್ಣ ತುಣುಕು ಸೇರಿಸುತ್ತದೆ. ಅದು ಪ್ರೋಗ್ರಾಂ ಶುರುವಾಗುವಾಗಲೇ ಸಬ್‌ನಾರ್ಮಲ್‌ಗಳನ್ನು ಸೊನ್ನೆ ಮಾಡು ಎಂದು ಪ್ರೊಸೆಸರ್‌ಗೆ ಹೇಳಿಬಿಡುತ್ತದೆ. ವೇಗ ಬಂದದ್ದು ಅಲ್ಲಿಂದ. ಆದರೆ ಈ ಸೂಚನೆ ಆ ಫೈಲಿಗೆ ಮಾತ್ರ ಅಲ್ಲ, ಇಡೀ ಪ್ರೋಗ್ರಾಂಗೆ. ಹಿಂದೆ ಹೀಗೆ ಕಟ್ಟಿದ ಲೈಬ್ರರಿಯೊಂದನ್ನು ಲೋಡ್ ಮಾಡಿದರೆ ಸಾಕಿತ್ತು, ಪ್ರೋಗ್ರಾಂನ ಉಳಿದ ಲೆಕ್ಕವೂ ಬದಲಾಗುತ್ತಿತ್ತು. ಹಂಚಿಕೊಳ್ಳುವ ಲೈಬ್ರರಿಗಳ ಮಟ್ಟಿಗೆ ಜಿಸಿಸಿ 13ರಲ್ಲಿ ಇದನ್ನು ನಿಲ್ಲಿಸಿದರು. ಸಬ್‌ನಾರ್ಮಲ್‌ಗಳನ್ನು ಸೊನ್ನೆ ಮಾಡುವುದರಲ್ಲಿ ಇನ್ನೊಂದು ಅಪಾಯವಿದೆ: ಎರಡು ಸಂಖ್ಯೆ ಬೇರೆ ಬೇರೆ ಎಂದು ನೋಡಿಯೇ ಅವುಗಳ ವ್ಯತ್ಯಾಸದಿಂದ ಭಾಗಿಸಿದ್ದರೂ ಆ ವ್ಯತ್ಯಾಸ ಸೊನ್ನೆಯಾಗಿ ಬರಬಹುದು.

ಅವನಿಗೆ ನಾನು ಹೇಳಿದ್ದು: ಸದ್ದು ಕಿವಿಗೆ ಕೇಳದಷ್ಟು ಸಣ್ಣದಾದ ಕೂಡಲೇ ನೀನೇ ಸೊನ್ನೆ ಮಾಡು. ಒಂದು ಸಾಲು ಸಾಕು, ಯಾವ ಆಯ್ಕೆಯೂ ಬೇಡ.

ಎಪ್ಸಿಲಾನ್ ಎಷ್ಟು ಇಡಬೇಕ್ರಿ?

ಎಪ್ಸಿಲಾನ್ ಎಂದರೆ ಎರಡು ಸಂಖ್ಯೆ ಸಮ ಎಂದು ಒಪ್ಪಲು ಬಿಡುವ ಸಣ್ಣ ವ್ಯತ್ಯಾಸ. ಎಲ್ಲದಕ್ಕೂ 0.000001 ಎಂದು ಬಾಯಿಪಾಠ ಮಾಡಬೇಡಿ. ಆಲಮಟ್ಟಿಯ ಮಟ್ಟ ಫ್ಲೋಟ್‌ನಲ್ಲಿದ್ದರೆ ಅಂತರವೇ 0.00006, ಅದಕ್ಕಿಂತ ಚಿಕ್ಕ ಎಪ್ಸಿಲಾನ್ ಇಟ್ಟರೂ ಒಂದೇ, ಇಡದಿದ್ದರೂ ಒಂದೇ. ಸಂಖ್ಯೆಯ ಗಾತ್ರಕ್ಕೆ ತಕ್ಕಂತೆ ಶೇಕಡಾ ಲೆಕ್ಕದಲ್ಲಿ ಇಡಿ, ಅಥವಾ ನಿಮ್ಮ ಅಳತೆಯ ಯಂತ್ರ ಎಷ್ಟು ಸೂಕ್ಷ್ಮ ಎಂದು ಕೇಳಿ ಅದರ ಅರ್ಧ ಇಡಿ.

ತಪ್ಪು ಎಲ್ಲಿ ಅದ ಅಂತ ಹುಡುಕೂದು ಹೆಂಗ್ರಿ?

ನಾನು ಮಾಡುವ ಕ್ರಮ ಇದು. ಮೊದಲು ಕಂಪೈಲ್ ಆಗುವಾಗ ಪರದೆಯ ಮೇಲೆ ಓಡುವ ಪೂರ್ತಿ ಆದೇಶ ಓದುತ್ತೇನೆ; ಫಾಸ್ಟ್ ಎಂಬ ಪದ ಎಲ್ಲಾದರೂ ಇದ್ದರೆ ತೆಗೆಯುತ್ತೇನೆ. ಆಮೇಲೆ -ಎಫ್‌ಎಫ್‌ಪಿ-ಕಾಂಟ್ರಾಕ್ಟ್=ಆಫ್ ಹಾಕಿ ನೋಡುತ್ತೇನೆ. ಇಷ್ಟಕ್ಕೇ ಬಹಳಷ್ಟು ತೀರುತ್ತದೆ.

ತೀರದಿದ್ದರೆ ಅರ್ಧ ಫೈಲುಗಳನ್ನು -ಓ0, ಇನ್ನರ್ಧ -ಓ2 ಇಟ್ಟು ಕಟ್ಟುತ್ತೇನೆ. ತಪ್ಪು ಯಾವ ಅರ್ಧದಲ್ಲಿ ಉಳಿಯಿತೋ ಅದನ್ನು ಮತ್ತೆ ಅರ್ಧ ಮಾಡುತ್ತೇನೆ. ನೂರು ಫೈಲಿದ್ದರೂ ಏಳು ಸಲದಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಫೈಲ್ ಸಿಕ್ಕ ಮೇಲೆ ಎರಡೂ ರೀತಿ ಓಡಿಸಿ ನಡುವಿನ ಸಂಖ್ಯೆಗಳನ್ನು ಸಾಲುಸಾಲಾಗಿ ಹೋಲಿಸುತ್ತೇನೆ. ಆರು ದಶಮಾಂಶದಲ್ಲಿ ಮುದ್ರಿಸಿದರೆ ಎಲ್ಲವೂ ಒಂದೇ ಕಾಣುತ್ತದೆ; ಡಬಲ್‌ಗೆ 17 ಅಂಕಿ, ಫ್ಲೋಟ್‌ಗೆ 9 ಅಂಕಿ ಬೇಕು. ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಎ ಬಳಸಿದರೆ ಹದಿನಾರರ ಪದ್ಧತಿಯಲ್ಲಿ ಬಿಟ್‌ಗಳೇ ಕಾಣುತ್ತವೆ. 0.1ನ್ನು ಹಾಗೆ ಮುದ್ರಿಸಿ ನೋಡಿ: ಚುಕ್ಕೆಯ ನಂತರ ಹನ್ನೆರಡು ಸಲ 9, ಕೊನೆಗೊಂದು ಎ. ಆ ಕೊನೆಯ ಎ ಇದೆಯಲ್ಲ, ಅದೇ ದುಂಡಗೆ ಮಾಡಿದ ಗುರುತು.

ಜಾವಾ, ಪೈಥಾನ್, ಗೋ ಬಳಸಿದ್ರ ಈ ತ್ರಾಸ ಇಲ್ಲೇನ್ರಿ?

ಕಡಿಮೆ. ಜಾವಾ 2021ರ 17ನೇ ಆವೃತ್ತಿಯಿಂದ ಎಲ್ಲ ಯಂತ್ರದಲ್ಲೂ ಕಟ್ಟುನಿಟ್ಟಾಗಿ ಒಂದೇ ಉತ್ತರ ಕೊಡುತ್ತದೆ. ಗೋದಲ್ಲಿ ಎಫ್‌ಎಂಎ ಸೇರಿಸಲು ಅನುಮತಿ ಇದೆ. ನಡುವೆ ಸ್ಪಷ್ಟವಾಗಿ ಫ್ಲೋಟ್64ಗೆ ಪರಿವರ್ತಿಸಿದರೆ ಸೇರಿಸುವುದಿಲ್ಲ. ಪೈಥಾನ್‌ನಲ್ಲಿ ಕಂಪೈಲರ್ ಕಾಟ ಇಲ್ಲ, ಆದರೆ ಆವೃತ್ತಿ ನೋಡಿ: ಹತ್ತು 0.1ಗಳನ್ನು ಸಮ್ ಫಂಕ್ಷನ್‌ಗೆ ಕೊಟ್ಟರೆ 3.11ರಲ್ಲಿ 0.9999999999999999, 3.12ರಲ್ಲಿ 1.0. ಅದರೊಳಗೆ ಉದುರಿದ ಚೂರನ್ನು ಹಿಡಿಯುವ ವಿಧಾನ ಸೇರಿಸಿದ್ದಾರೆ.

ಹಂಗಾದ್ರ -ಓ3 ಬ್ಯಾಡ, ಫಾಸ್ಟ್-ಮ್ಯಾತ್ ಎಂದೂ ಬ್ಯಾಡ ಅಂತೀರೇನ್ರಿ?

-ಓ2, -ಓ3 ಧಾರಾಳವಾಗಿ ಬಳಸಿ. ಜಿಸಿಸಿ, ಕ್ಲಾಂಗ್ ಎರಡೂ ಅವುಗಳಲ್ಲಿ ಕೂಡಿಕೆಯ ಕ್ರಮ ಬದಲಿಸುವುದಿಲ್ಲ. ಮೈಕ್ರೋಸಾಫ್ಟ್‌ನ ಸಿ ಕಂಪೈಲರ್ ಕೂಡ ನೀವು ಬೇರೆ ಹೇಳದಿದ್ದರೆ ನಿಖರ ರೀತಿಯಲ್ಲೇ ಇರುತ್ತದೆ. ಇಂಟೆಲ್‌ನ ಕಂಪೈಲರ್ ಮಾತ್ರ ಕೇಳದೇ ವೇಗದ ರೀತಿ ಹಿಡಿಯುತ್ತದೆ, ಅದನ್ನು ಬಳಸುವವರು ಆಯ್ಕೆ ಬದಲಿಸಿಕೊಳ್ಳಿ. -ಓಫಾಸ್ಟ್ ಎಂಬ ಹೆಸರು -ಓ3ರ ಮುಂದಿನ ಮೆಟ್ಟಿಲಿನಂತೆ ಕಾಣುವುದೇ ಅನೇಕರಿಗೆ ಮೋಸವಾಗಿದೆ. ಕ್ಲಾಂಗ್ 19ರಿಂದ ಅದನ್ನು ಬಳಸಬೇಡಿ ಎಂದೇ ಎಚ್ಚರಿಸುತ್ತಿದ್ದಾರೆ.

ಚಿತ್ರ, ಆಟ, ಧ್ವನಿ ಇಂಥ ಕಡೆ ಕೊನೆಯ ಬಿಟ್ ಯಾರಿಗೂ ಬೇಕಾಗಿಲ್ಲ. ಅಲ್ಲಿ ಫಾಸ್ಟ್-ಮ್ಯಾತ್ ನ್ಯಾಯವಾದ ಆಯ್ಕೆ. ಆದರೆ ಇಡೀ ಪ್ರೋಗ್ರಾಂಗೆ ಹಾಕಬೇಡಿ. ಹೆಚ್ಚು ಸಮಯ ತಿನ್ನುವ ಆ ಒಂದು ಲೂಪನ್ನು ಬೇರೆ ಫೈಲಿಗೆ ಎತ್ತಿಟ್ಟು, ಆ ಫೈಲಿಗೆ ಮಾತ್ರ ಕಂಪೈಲ್ ಮಾಡುವಾಗ ಹಾಕಿ, ಲಿಂಕ್ ಮಾಡುವಾಗ ಹಾಕಬೇಡಿ. ಫೈಲಿನ ಮೊದಲ ಸಾಲಿನಲ್ಲಿ, ಇಲ್ಲಿ ನ್ಯಾನ್ ಬರುವಂತಿಲ್ಲ, ಕ್ರಮ ಬದಲಾಗುತ್ತದೆ ಎಂದು ಕನ್ನಡದಲ್ಲೇ ಕಾಮೆಂಟ್ ಬರೆದಿಡಿ. ನಿಮ್ಮ ನಂತರ ಆ ಕುರ್ಚಿಯಲ್ಲಿ ಕೂರುವವರು ಮೊದಲು ಓದುವುದು ಅದನ್ನೇ.